ಪ್ರವಾಸದ ಪೇಟೆಯಲ್ಲಿ ಸತ್ಯವಿಶ್ವಾಸಿ

ಹಝ್ರತ್ ಉಮರ್(ರ)ರ ಮುಂದೆ ಒಬ್ಬನು ಇನ್ನೊಬ್ಬನ ಬಗ್ಗೆ, ಆತ ಒಳ್ಳೆಯವನು ಎಂದು ಸಾಕ್ಷ್ಯ ನುಡಿದ ಒಂದು ಘಟನೆ ವರದಿಯಾಗಿದೆ. ಉಮರ್(ರ) ಆ ಸಾಕ್ಷಿಯೊಡನೆ ಮೂರು ವಿಷಯ ವಿಚಾರಿಸಿದರು. ಆತನ ನೆರೆಮನೆಯಲ್ಲಿ ವಾಸವಾಗಿದ್ದೀಯಾ, ಆತನ ಜೊತೆ ಪ್ರಯಾಣ ಮಾಡಿದ್ದೀಯಾ, ಆತನೊಂದಿಗೆ ಹಣದ ವ್ಯವಹಾರ ನಡೆಸಿದ್ದೀಯಾ ಎಂದು. ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ, ಹಾಗಾದರೆ ನಿನಗೆ ಆತನ ಪರಿಚಯವೇ ಇಲ್ಲ ಎಂದು ಅವರು ತೀರ್ಮಾನಿಸಿದರು. ಮಸೀದಿಯಲ್ಲಿ ಆತ ತಲೆ ಬಾಗಿಸಿ ಏಳುವುದನ್ನು ಕಂಡಿದ್ದಷ್ಟೇ ಸಾಕ್ಷ್ಯಕ್ಕೆ ಸಾಲದಾಯಿತು.

ಈ ಮೂರು ಒರೆಗಲ್ಲುಗಳ ಪೈಕಿ ಎರಡು, ಅಂದರೆ ಪ್ರಯಾಣ ಮತ್ತು ಹಣ, ಒಟ್ಟಿಗೆ ಎದುರಾಗುವ ಒಂದು ಸಂದರ್ಭವಿದೆ. ಕುಟುಂಬ ಸಮೇತ ಒಂದೆರಡು ದಿನ ನಗರವೊಂದಕ್ಕೆ ಪ್ರವಾಸ ಹೋಗುವುದೇ ಆ ಸಂದರ್ಭ. ರಜೆ ಬಂತೆಂದರೆ ಕರಾವಳಿಯ, ಮಲೆನಾಡಿನ, ಬಯಲು ಸೀಮೆಯ ಎಷ್ಟೋ ಮುಸ್ಲಿಮ್ ಕುಟುಂಬಗಳು ಮೈಸೂರಿನ ಹಾದಿ ಹಿಡಿಯುತ್ತವೆ. ಅರಮನೆ, ಮೃಗಾಲಯ, ಶ್ರೀರಂಗಪಟ್ಟಣದ ಗುಂಬಝ್ ನೋಡಿದ ಮೇಲೆ ಉಳಿಯುವ ಕೆಲಸಗಳು ಎರಡು. ನೆನಪಿಗಾಗಿ ಏನಾದರೂ ಕೊಳ್ಳುವುದು, ಹೋಟೆಲಿನಲ್ಲಿ ಉಣ್ಣುವುದು. ಪ್ರಯಾಣದ ದುಆ, ನಮಾಝಿನ ಕಸ್ರ್, ಇವುಗಳ ಬಗ್ಗೆ ನಾವು ಉಲೆಮಾಗಳಲ್ಲಿ ಕೇಳಿ ತಿಳಿಯುತ್ತೇವೆ. ಆದರೆ ಕೈಚೀಲ ಬಿಚ್ಚುವ ಈ ಎರಡು ಘಳಿಗೆಗಳಿಗೂ ದೀನ್‌ಗೂ ಏನಾದರೂ ಸಂಬಂಧವಿದೆಯೆಂದು ಯೋಚಿಸುವವರು ಕಡಿಮೆ. ಈ ಪಾಠದ ಉದ್ದೇಶ ಅದನ್ನು ಯೋಚಿಸುವುದೇ ಆಗಿದೆ.

ಕೈಕೆಲಸದ ಸ್ಥಾನ

ಮೊದಲು ನಾವು ಕೊಳ್ಳುವ ವಸ್ತುವಿನ ಹಿಂದೆ ಇರುವ ಮನುಷ್ಯನ ಸ್ಥಾನವನ್ನು ತಿಳಿಯೋಣ. ಹಝ್ರತ್ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುವಾಗಿಸಿ ಕೊಟ್ಟು, ಯುದ್ಧ ಕವಚಗಳನ್ನು ಅಳತೆ ತಪ್ಪದಂತೆ ಹೆಣೆಯಲು ಅಲ್ಲಾಹನು ಆದೇಶಿಸಿದ್ದನ್ನು ಸೂರಃ ಸಬಾ ತಿಳಿಸುತ್ತದೆ. ದೊರೆಯಾಗಿದ್ದ ಅವರು ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ, ಮನುಷ್ಯನು ಉಣ್ಣುವ ಅನ್ನದಲ್ಲಿ ಅದಕ್ಕಿಂತ ಉತ್ತಮವಾದುದು ಇಲ್ಲವೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದು ಬುಖಾರಿಯಲ್ಲಿದೆ. ಹಝ್ರತ್ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಪ್ರವಾದಿಪತ್ನಿ ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ಚರ್ಮ ಹದ ಮಾಡುವ, ಹೊಲಿಯುವ ಕೆಲಸ ಬಲ್ಲವರಾಗಿದ್ದರು. ಆ ಸಂಪಾದನೆಯನ್ನು ಬಡವರಿಗೆ ಹಂಚುತ್ತಿದ್ದರು. ಹೀಗಿರುವಾಗ ಉಳಿ, ಗರಗಸ, ಮಗ್ಗ ಹಿಡಿದವನನ್ನು ಕೀಳಾಗಿ ಕಾಣುವ ಹಕ್ಕು ಯಾವ ಮುಸ್ಲಿಮನಿಗೂ ಇಲ್ಲ.

ಮೈಸೂರಿನ ಬೀಟೆ ಮರದ ಚಿತ್ರ ಕೆಲಸವನ್ನೇ ನೋಡಿ. ಅಂಗಡಿಯ ಗೋಡೆಯಲ್ಲಿ ತೂಗುವ ಒಂದು ಅಂಗೈ ಅಗಲದ ಚಿತ್ರಪಟ ನಮಗೆ ಬಣ್ಣ ಬಳಿದ ಹಲಗೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದರಲ್ಲಿ ಬಣ್ಣ ಬಳಿದಿರುವುದಿಲ್ಲ. ಮೊದಲು ಕಾಗದದಲ್ಲಿ ಚಿತ್ರ ಬರೆಯಬೇಕು. ಬೇರೆ ಬೇರೆ ಬಣ್ಣದ ಮರಗಳನ್ನು, ಹಳದಿಗೆ ಹಲಸು ಎಂಬಂತೆ, ಆರಿಸಿ ಸಣ್ಣ ಗರಗಸದಿಂದ ಎಲೆ, ಕೊಂಬೆ, ಆನೆಯ ಸೊಂಡಿಲು ಎಂದು ಚೂರು ಚೂರಾಗಿ ಕತ್ತರಿಸಬೇಕು. ಬೀಟೆಯ ಹಲಗೆಯಲ್ಲಿ ಅಷ್ಟೇ ಅಳತೆಯ ಗುಳಿ ತೋಡಿ ಅವನ್ನು ಅಂಟಿಸಿ ಕೂರಿಸಬೇಕು. ಉಜ್ಜಿ ನಯಗೊಳಿಸಿ, ಸೂಕ್ಷ್ಮ ಗೆರೆಗಳನ್ನು ಕೊರೆದು, ಕೊನೆಗೆ ಹೊಳಪು ಕೊಡಬೇಕು. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಈ ಕೆಲಸ ಮಾಡುವವರಲ್ಲಿ ನಮ್ಮ ಸಮುದಾಯದವರೇ ಬಹಳ ಮಂದಿ. ಹಿಂದೆ ಇದರಲ್ಲಿ ಆನೆಯ ದಂತವನ್ನೂ ಕೂರಿಸುತ್ತಿದ್ದರು. ಮೈಸೂರು ಅರಮನೆಯ ಬೀಟೆಯ ಬಾಗಿಲಿನಲ್ಲಿ ಅದನ್ನು ಕಾಣಬಹುದು. 1972ರ ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ಬಳಿಕ ದಂತದ ವ್ಯಾಪಾರ ನಿಷಿದ್ಧವಾಯಿತು. ಇಂದು ಯಾರಾದರೂ ಗುಟ್ಟಾಗಿ ದಂತದ ವಸ್ತು ತೋರಿಸಿದರೆ ಅದನ್ನು ಕೊಳ್ಳುವುದು ಅಪರಾಧ.

ಬೆಂಗಳೂರಿನಿಂದ ಮೈಸೂರಿಗೆ ಬರುವ ಹಾದಿಯ ಚನ್ನಪಟ್ಟಣದ ಗೊಂಬೆಯೂ ಹಾಗೆಯೇ. ಚೆನ್ನಾಗಿ ಒಣಗಿಸಿದ ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಜಾತಿಯ ಒಣ ಎಲೆಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಇಲ್ಲಿಗೆ ಬಂತೆಂಬುದು ಊರವರಲ್ಲಿ ನಡೆದು ಬಂದ ಮಾತು. ಅಂಗಡಿಗಳು ಬಹಳ ಕಾಲ ಹಳೆಯ ಹೆದ್ದಾರಿಯ ಬದಿಯ ವ್ಯಾಪಾರವನ್ನು ನಂಬಿದ್ದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಪಟ್ಟಣದ ಹೊರಗಿನಿಂದ ಹಾದು ಹೋಗುತ್ತದೆ. ನಮಗೆ ಪ್ರಯಾಣದ ಸಮಯ ಉಳಿಯಿತು. ಆದರೆ ದಾರಿಹೋಕ ಗಿರಾಕಿಯನ್ನೇ ಕಾದಿದ್ದವನ ಅಂಗಡಿಯ ಮುಂದೆ ಈಗ ಕಾರು ನಿಲ್ಲುವುದು ಅಪರೂಪ. ಬೇಕೆಂದೇ ಊರೊಳಗೆ ಇಳಿದು ಹೋಗಿ ಕೊಳ್ಳುವವನು ಅರ್ಧ ತಾಸು ಕಳೆದುಕೊಂಡಾನು, ಆದರೆ ಒಂದು ಮನೆಯ ಒಲೆ ಉರಿಯಲು ನೆರವಾಗುತ್ತಾನೆ.

ಚೌಕಾಸಿ ಮಾಡಬಹುದೇ?

ಧಾರಾಳವಾಗಿ ಮಾಡಬಹುದು. ಬೆಲೆಯ ಬಗ್ಗೆ ಮಾತಾಡುವುದು ಧರ್ಮಸಮ್ಮತ. ವ್ಯಾಪಾರವು ಇಬ್ಬರ ಪರಸ್ಪರ ಒಪ್ಪಿಗೆಯಿಂದ ನಡೆಯಬೇಕೆಂಬುದು ಸೂರಃ ಅನ್ನಿಸಾದ ಆದೇಶ. ಒಪ್ಪಿಗೆಗೆ ಬರಬೇಕಾದರೆ ಮಾತು ನಡೆಯಲೇಬೇಕು. ಸ್ವತಃ ಪ್ರವಾದಿ(ಸ) ಬೆಲೆ ಕೇಳಿ, ಮಾತಾಡಿ, ಕೊಂಡವರು. ಆದರೆ ಅವರು ಹೇಗೆ ಕೊಂಡರೆಂಬುದನ್ನು ನೋಡಬೇಕು.

ಪ್ರಯಾಣವೊಂದರಲ್ಲಿ ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ)ರ ಒಂಟೆ ದಣಿದು ಹಿಂದೆ ಬಿದ್ದಿತ್ತು. ಪ್ರವಾದಿ(ಸ) ಅವರ ಬಳಿಗೆ ಬಂದು ಆ ಒಂಟೆಯನ್ನು ತಮಗೆ ಮಾರುವಂತೆ ಕೇಳಿದರು. ಮಾತುಕತೆ ನಡೆದು ಒಂದು ಊಕಿಯಾ ಬೆಳ್ಳಿಗೆ ವ್ಯಾಪಾರ ಕುದುರಿತು. ಮದೀನಾ ತಲಪುವವರೆಗೆ ತಾನೇ ಸವಾರಿ ಮಾಡುವೆನೆಂಬ ಜಾಬಿರ್‌ರ ಷರತ್ತನ್ನೂ ಅವರು ಒಪ್ಪಿದರು. ಮದೀನಾದಲ್ಲಿ ಬೆಲೆಯನ್ನು ತೂಗಿ ಕೊಡಲು, ಅದರ ಮೇಲೆ ಸ್ವಲ್ಪ ಹೆಚ್ಚೇ ಕೊಡಲು ಬಿಲಾಲ್(ರ)ರಿಗೆ ಹೇಳಿದರು. ಜಾಬಿರ್ ಹಣ ಪಡೆದು ಹೊರಟಾಗ ಪುನಃ ಕರೆಸಿದರು. ನಿನ್ನ ಒಂಟೆಯನ್ನು ಕಿತ್ತುಕೊಳ್ಳಲು ನಾನು ಬೆಲೆ ಇಳಿಸಿ ಮಾತಾಡಿದೆನೆಂದು ಭಾವಿಸಿದೆಯಾ ಎಂಬರ್ಥದಲ್ಲಿ ಕೇಳಿ, ಒಂಟೆಯನ್ನೂ ಹಣವನ್ನೂ ಅವರಿಗೇ ಬಿಟ್ಟುಕೊಟ್ಟರು. ಇನ್ನೊಮ್ಮೆ ಬಟ್ಟೆಯ ವ್ಯಾಪಾರದಲ್ಲಿ ಬೆಲೆ ತೂಗುವವನೊಡನೆ, ತೂಗು, ತಕ್ಕಡಿ ಸ್ವಲ್ಪ ಮಾರುವವನ ಕಡೆಗೇ ವಾಲಲಿ ಎಂಬ ತಾತ್ಪರ್ಯದ ಮಾತು ಹೇಳಿದ್ದು ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಮೃದುವಾಗಿ ವರ್ತಿಸುವವನ ಮೇಲೆ ಅಲ್ಲಾಹನ ಕರುಣೆಗಾಗಿ ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದಾರೆ.

ಇದನ್ನು ನಮ್ಮ ಚೌಕಾಸಿಯ ಪಕ್ಕದಲ್ಲಿಟ್ಟು ನೋಡೋಣ. ಚೌಕಾಸಿ ಪಾಪವಾಗುವುದು ಕೆಲವು ಕಡೆಗಳಲ್ಲಿ.

ಒಂದನೆಯದು ಸುಳ್ಳು. ಆಚೆ ಅಂಗಡಿಯವನು ಇದನ್ನೇ ಇನ್ನೂರಕ್ಕೆ ಕೊಡುತ್ತಾನೆ ಎಂದು, ಆಚೆ ಅಂಗಡಿಗೆ ಕಾಲಿಡದೆಯೇ ಹೇಳುವುದು. ಹತ್ತಿರ ನಿಂತ ಮಗು, ನಾವು ಆ ಅಂಗಡಿಗೆ ಯಾವಾಗ ಹೋದೆವು ಎಂದು ಯೋಚಿಸುತ್ತದೆ. ಮದ್ರಸದಲ್ಲಿ ಕಲಿತ ಸತ್ಯದ ಪಾಠ ಅಲ್ಲಿ ಅಳಿಸಿ ಹೋಗುತ್ತದೆ.

ಎರಡನೆಯದು ವಸ್ತುವನ್ನು ಹೀಯಾಳಿಸುವುದು. ಜನರಿಗೆ ಅವರ ವಸ್ತುಗಳಲ್ಲಿ ಕಡಿತ ಮಾಡಬೇಡಿರೆಂದು ಹಝ್ರತ್ ಶುಐಬ್(ಅ) ತಮ್ಮ ಜನತೆಗೆ ಉಪದೇಶಿಸಿದ್ದನ್ನು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ತೂಕದಲ್ಲಿ ಕಡಿತ ಮಾಡುವುದು ಮಾತ್ರವಲ್ಲ, ಒಳ್ಳೆಯ ಸರಕನ್ನು ಕೆಟ್ಟದ್ದೆಂದು ಹೇಳಿ ಬೆಲೆ ಇಳಿಸುವುದೂ ಈ ನಿಷೇಧದಲ್ಲಿ ಸೇರುತ್ತದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮನಸ್ಸಿನಲ್ಲಿ ಮೆಚ್ಚಿಕೊಂಡು ಬಾಯಲ್ಲಿ ‘ಇದೇನು ಮಹಾ, ಮರದ ತುಂಡು’ ಎಂದರೆ ಅದು ಸುಳ್ಳೂ ಹೌದು, ಒಬ್ಬನ ದುಡಿಮೆಗೆ ಮಾಡಿದ ಅವಮಾನವೂ ಹೌದು.

ಮೂರನೆಯದು ಎದುರಿನವನ ಕಷ್ಟವನ್ನು ಹಿಂಡುವುದು. ಸಂಜೆಯಾದರೂ ಬೋಣಿಯಾಗದ ಅಂಗಡಿಯವನು ಎಷ್ಟಕ್ಕಾದರೂ ಕೊಟ್ಟಾನು. ಆತ ಕೊಡುವುದು ನಿಜ. ಆದರೆ ಅದು ಮನಸಾರೆ ಕೊಟ್ಟದ್ದೇ? ಬಾಯಿಯ ‘ತಗೊಳ್ಳಿ ಸಾರ್’ ಎಂಬ ಮಾತು ಒಪ್ಪಿಗೆಯ ಮಾತೋ, ಸೋತವನ ಮಾತೋ ಎಂದು ಕೊಳ್ಳುವವನ ಅಂತರಾತ್ಮಕ್ಕೆ ತಿಳಿದಿರುತ್ತದೆ.

ನಾಲ್ಕನೆಯದು, ಕೊಳ್ಳುವ ಇರಾದೆಯೇ ಇಲ್ಲದೆ ಇಪ್ಪತ್ತು ಸೀರೆ ಬಿಚ್ಚಿಸಿ, ಹತ್ತು ಪೆಟ್ಟಿಗೆ ಇಳಿಸಿ, ಎದ್ದು ಹೋಗುವುದು. ನೋಡಬಾರದೆಂದಲ್ಲ. ಸುಮ್ಮನೆ ನೋಡಲು ಬಂದೆವೆಂದು ಮೊದಲೇ ಹೇಳಿದರೆ ಎಷ್ಟೋ ಮಂದಿ ಸಂತೋಷದಿಂದಲೇ ತೋರಿಸುತ್ತಾರೆ. ಇನ್ನೊಬ್ಬ ಗಿರಾಕಿ ಬೆಲೆ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿ ಆ ವಸ್ತುವನ್ನು ತಾನು ಎಳೆದುಕೊಳ್ಳುವುದನ್ನೂ ಪ್ರವಾದಿ(ಸ) ತಡೆದಿದ್ದಾರೆ.

ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಸೇವಕ 300 ದಿರ್ಹಮ್‌ಗೆ ಒಂದು ಕುದುರೆಯನ್ನು ಮಾತಾಡಿ ತಂದನು. ಕುದುರೆಯನ್ನು ನೋಡಿದ ಜರೀರ್, ಇದು ಅದಕ್ಕಿಂತ ಹೆಚ್ಚು ಬೆಲೆ ಬಾಳುವ ಪ್ರಾಣಿಯೆಂದು ಮಾಲಕನಿಗೆ ತಾವೇ ಹೇಳಿ ಬೆಲೆ ಏರಿಸುತ್ತಾ ಹೋಗಿ ಕೊನೆಗೆ 800 ಕೊಟ್ಟರೆಂದು ವರದಿಯಾಗಿದೆ. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿ(ಸ)ರ ಕೈ ಹಿಡಿದು ಮಾತು ಕೊಟ್ಟಿದ್ದೇನೆ ಎಂಬುದು ಅವರು ಕೊಟ್ಟ ಕಾರಣ. ನಾವು ಆ ಎತ್ತರಕ್ಕೆ ಏರಲಾರೆವು. ಆದರೆ ಮುನ್ನೂರು ಬಾಳುವುದನ್ನು ನೂರಕ್ಕೆ ತಂದೆನೆಂದು ನೆಂಟರ ಮುಂದೆ ಜಂಬ ಕೊಚ್ಚದೆ ಇರಬಲ್ಲೆವು.

ಮಾರುವವರಿಗೂ ಒಂದು ಮಾತು

ಈ ಪುಟವನ್ನು ಓದುವವರಲ್ಲಿ ಅಂಗಡಿ ಇಟ್ಟವರೂ ಇದ್ದಾರೆ. ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ತಗುಲಿದ್ದಕ್ಕೆ ಪ್ರವಾದಿ(ಸ) ಆ ವ್ಯಾಪಾರಿಯನ್ನು ಪ್ರಶ್ನಿಸಿ, ವಂಚಿಸುವವನಿಗೆ ನಮ್ಮೊಂದಿಗೆ ಸಂಬಂಧವಿಲ್ಲವೆಂದು ಎಚ್ಚರಿಸಿದ್ದು ಎಲ್ಲರಿಗೂ ತಿಳಿದಿದೆ. ಅಚ್ಚು ಹಾಕಿದ ಹಲಗೆಯನ್ನು ಕೈಕೆಲಸವೆಂದು, ಹೊರಗಿನಿಂದ ಬಂದ ಯಂತ್ರದ ಗೊಂಬೆಯನ್ನು ಚನ್ನಪಟ್ಟಣದ್ದೆಂದು, ಸುವಾಸನೆ ಸವರಿದ ಯಾವುದೋ ಮರವನ್ನು ಶ್ರೀಗಂಧವೆಂದು, ಬೆರಕೆ ನೂಲಿನ ಸೀರೆಯನ್ನು ಮೈಸೂರು ರೇಷ್ಮೆಯೆಂದು ಮಾರುವುದು ಒದ್ದೆ ಧಾನ್ಯದ ಮೇಲೆ ಒಣ ಧಾನ್ಯ ಹರಡಿದಂತೆಯೇ. ಮೇಲಿಂದ ‘ಖುದಾ ಕಸಮ್’ ಎಂದು ಆಣೆ ಹಾಕಿದರೆ ಸರಕು ಹೋದೀತು, ಬರ್ಕತ್ ಉಳಿಯದು.

ಆಟೋದವರು ಪ್ರವಾಸಿಗರನ್ನು ಒಂದು ನಿರ್ದಿಷ್ಟ ಅಂಗಡಿಗೇ ಕರೆದೊಯ್ದು, ಆ ಅಂಗಡಿಯಿಂದ ಕಮಿಷನ್ ಪಡೆಯುವ ರೂಢಿ ಪ್ರವಾಸಿ ನಗರಗಳಲ್ಲೆಲ್ಲ ಇದೆ. ಆ ಕಮಿಷನ್ ಕೊನೆಗೆ ಗಿರಾಕಿಯ ಬೆಲೆಯಲ್ಲೇ ಸೇರುತ್ತದೆ, ಕೆಲಸಗಾರನಿಗೆ ಸಿಗುವುದಿಲ್ಲ. ಬೆಲೆಯ ಅಂದಾಜಿಲ್ಲದವರು ಮೊದಲು ಸಯ್ಯಾಜಿ ರಾವ್ ರಸ್ತೆಯಲ್ಲಿರುವ ಸರಕಾರಿ ಕಾವೇರಿ ಎಂಪೋರಿಯಂಗೆ ಹೋಗಿ ನಿಗದಿತ ಬೆಲೆಗಳನ್ನು ನೋಡಿಕೊಳ್ಳಬಹುದು. ರೇಷ್ಮೆ ಸೀರೆಗಾದರೆ 1912ರಲ್ಲಿ ಸ್ಥಾಪನೆಯಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಸರಕಾರಿ ಮಳಿಗೆಗಳಿವೆ. ಬೆಲೆ ತಿಳಿದ ಮೇಲೆ ಕೆಲಸಗಾರನ ಸ್ವಂತ ಅಂಗಡಿಯಲ್ಲಿ ಕೊಂಡರೆ ಇಬ್ಬರಿಗೂ ಅನ್ಯಾಯವಾಗದು. ಬೀಟೆಯ ಚಿತ್ರ, ಚನ್ನಪಟ್ಟಣದ ಗೊಂಬೆ, ಮೈಸೂರು ರೇಷ್ಮೆ, ಬೀದರಿನ ಬಿದರಿ ಕೆಲಸ, ಇವೆಲ್ಲಕ್ಕೂ ಊರಿನ ಹೆಸರನ್ನು ಕಾಯುವ ಜಿ.ಐ. ಮಾನ್ಯತೆ ದೊರೆತಿದೆ. ಆದರೆ ಕಾನೂನಿನ ಮುದ್ರೆಗಿಂತ ಮೊದಲು ಮಾರುವವನ ನಾಲಿಗೆಯಲ್ಲಿ ಸತ್ಯದ ಮುದ್ರೆ ಇರಬೇಕು.

ಏನನ್ನು ಕೊಳ್ಳುತ್ತೇವೆ?

ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿ ಬರುವ ಮೂರು ಸಂಶಯಗಳಿವೆ.

ರೇಷ್ಮೆ: ಅಪ್ಪಟ ರೇಷ್ಮೆಯ ಉಡುಪು ಮತ್ತು ಚಿನ್ನ ಮುಸ್ಲಿಮ್ ಪುರುಷರಿಗೆ ನಿಷಿದ್ಧ, ಸ್ತ್ರೀಯರಿಗೆ ಧರ್ಮಸಮ್ಮತ. ಆದುದರಿಂದ ತಾಯಿಗೆ, ಪತ್ನಿಗೆ, ತಂಗಿಗೆ ಸೀರೆ ಕೊಳ್ಳುವುದರಲ್ಲಿ ಅಡ್ಡಿಯಿಲ್ಲ. ಅದೇ ಅಂಗಡಿಯಲ್ಲಿ ತನಗೊಂದು ರೇಷ್ಮೆಯ ಅಂಗಿ ಎತ್ತಿಕೊಳ್ಳುವ ಮುನ್ನ ಪುರುಷನು ಯೋಚಿಸಬೇಕು. ಬಟ್ಟೆಯಲ್ಲಿ ಎರಡು, ಮೂರು ಅಥವಾ ನಾಲ್ಕು ಬೆರಳಿನಷ್ಟು ರೇಷ್ಮೆಯ ಅಂಚಿಗೆ ರಿಯಾಯಿತಿಯಿರುವುದು ಹಝ್ರತ್ ಉಮರ್(ರ)ರ ವರದಿಯಿಂದ ತಿಳಿಯುತ್ತದೆ.

ಮಕ್ಕಳ ಗೊಂಬೆ: ಹಝ್ರತ್ ಆಯಿಶಾ(ರ)ರ ಬಳಿ ಆಟದ ಗೊಂಬೆಗಳಿದ್ದವು. ಅವುಗಳಲ್ಲಿ ಚಿಂದಿ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯೂ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ನೀವು ಕೇಳಿಲ್ಲವೇ ಎಂಬ ಅವರ ಮರುಪ್ರಶ್ನೆಗೆ ಪ್ರವಾದಿ(ಸ) ಮನಸಾರೆ ನಕ್ಕರೆಂದು ಅಬೂದಾವೂದ್‌ನಲ್ಲಿದೆ. ಇದರ ಆಧಾರದಲ್ಲಿ ಮಕ್ಕಳ ಆಟಿಕೆಯ ವಿಷಯದಲ್ಲಿ ಬಹಳಷ್ಟು ವಿದ್ವಾಂಸರು ವೈಶಾಲ್ಯ ತೋರಿಸಿದ್ದಾರೆ. ಪೂಜೆಗಾಗಿ ಮಾಡಿದ ವಿಗ್ರಹಗಳನ್ನು ಮನೆಗೆ ತರುವುದು ಬೇರೆಯೇ ವಿಷಯ. ಅದನ್ನು ಕೊಳ್ಳದೆ ಇರಬಹುದು. ಆದರೆ ಅಂಗಡಿಯಲ್ಲಿ ನಿಂತು ಇನ್ನೊಬ್ಬರ ಆರಾಧ್ಯರ ಬಗ್ಗೆ ಹಗುರವಾಗಿ ಮಾತಾಡುವುದನ್ನು ಕುರ್‌ಆನ್ ತಡೆದಿದೆ.

ಬಿದರಿ ಕೆಲಸ: ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಿಂದ ಕಪ್ಪಾಗಿಸುವ ಈ ವಸ್ತು ರಾಜ್ಯದ ಎಲ್ಲ ದೊಡ್ಡ ಕರಕುಶಲ ಮಳಿಗೆಗಳಲ್ಲಿ ಸಿಗುತ್ತದೆ. ಚಿನ್ನ ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದು, ಕುಡಿಯುವುದು ನಿಷಿದ್ಧ. ಬೆಳ್ಳಿ ಕೂರಿಸಿದ ಪಾತ್ರೆಗಳ ಬಗ್ಗೆ ಹನಫೀ, ಶಾಫಿಈ ವಿದ್ವಾಂಸರ ಅಭಿಪ್ರಾಯಗಳಲ್ಲಿ ವ್ಯತ್ಯಾಸವಿದೆ. ತಮ್ಮ ಊರಿನ ವಿದ್ವಾಂಸರಲ್ಲಿ ಕೇಳಿ ತಿಳಿಯುವುದು ಉತ್ತಮ. ಹೇಗೂ ಬಿದರಿ ಅಲಂಕಾರದ ವಸ್ತು, ಊಟದ ತಟ್ಟೆಯಲ್ಲ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು ನಮಗೆ ಬೇಕೇ ಎಂಬುದು. ಸೂರಃ ಅಲ್ ಫುರ್ಕಾನ್ ಪರಮ ದಯಾಮಯನ ದಾಸರನ್ನು ವರ್ಣಿಸುವಾಗ, ಅವರು ಖರ್ಚು ಮಾಡುವಾಗ ದುಂದುವೆಚ್ಚವನ್ನೂ ಮಾಡುವುದಿಲ್ಲ, ಜಿಪುಣತನವನ್ನೂ ತೋರುವುದಿಲ್ಲ, ಎರಡರ ನಡುವೆ ನಿಲ್ಲುತ್ತಾರೆ ಎನ್ನುತ್ತದೆ. ಸಾಲ ಮಾಡಿ ಪ್ರವಾಸ ಹೋಗಿ, ಕಪಾಟಿನಲ್ಲಿ ಧೂಳು ಹಿಡಿಯುವ ಐದು ವಸ್ತು ತರುವುದಕ್ಕಿಂತ, ಒಂದೇ ಒಂದು ಒಳ್ಳೆಯ ಕೈಕೆಲಸವನ್ನು ತಕ್ಕ ಬೆಲೆ ಕೊಟ್ಟು ತರುವುದು ಈ ನಡುದಾರಿಗೆ ಹತ್ತಿರ.

ಹೋಟೆಲಿನ ಮೇಜಿನಲ್ಲಿ

ಊಟದ ವಿಷಯದಲ್ಲಿ ಮೊದಲ ಪ್ರಶ್ನೆ ಹಲಾಲ್‌ನದ್ದು. ಮಾಂಸದ ಬಗ್ಗೆ ವಿಚಾರಿಸುವುದು ನಮ್ಮ ಹಕ್ಕೂ ಹೌದು, ಕರ್ತವ್ಯವೂ ಹೌದು. ಸೌಮ್ಯವಾಗಿ ಒಮ್ಮೆ ಕೇಳಿದರೆ ಸಾಕು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದ ಜನರು ಮಾಂಸ ತರುತ್ತಾರೆ, ಅದರ ಮೇಲೆ ಅಲ್ಲಾಹನ ನಾಮ ಉಚ್ಚರಿಸಿದ್ದಾರೋ ಇಲ್ಲವೋ ತಿಳಿಯದು ಎಂದು ಕೆಲವರು ಕೇಳಿದಾಗ, ನೀವು ಬಿಸ್ಮಿಲ್ಲಾ ಹೇಳಿ ತಿನ್ನಿರೆಂದು ಪ್ರವಾದಿ(ಸ) ಹೇಳಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಆದ್ದರಿಂದ ಮುಸ್ಲಿಮನು ನಡೆಸುವ ಹೋಟೆಲಿನಲ್ಲಿ ಅಡುಗೆ ಮನೆಯವರೆಗೆ ಹೋಗಿ ಪಾಟೀಸವಾಲು ಹಾಕಬೇಕಿಲ್ಲ. ದಿಬ್ಹ್ ಹೇಗೆ ನಡೆದಿದೆಯೆಂದು ತಿಳಿಯದ ಕಡೆ ಮಾಂಸ ಬಿಟ್ಟು ತರಕಾರಿ, ಮೀನು, ಮೊಟ್ಟೆ ತೆಗೆದುಕೊಳ್ಳಬಹುದು. ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ತಿನ್ನಲು ಹಿಂಜರಿಯಬೇಕಾಗಿಲ್ಲ, ಅದು ಯಾರ ಹೋಟೆಲೇ ಆಗಿರಲಿ. ಆದರೆ ಮದ್ಯ ಹರಿಯುವ ಮೇಜಿನಲ್ಲಿ ಕೂರುವುದನ್ನು ಪ್ರವಾದಿ(ಸ) ತಡೆದಿರುವಾಗ, ಊಟದ ರುಚಿಯ ಹೆಸರಿನಲ್ಲಿ ಮಕ್ಕಳನ್ನು ಬಾರ್ ಸೇರಿದ ಹೋಟೆಲಿಗೆ ಕರೆದೊಯ್ಯುವುದು ಸರಿಯಲ್ಲ.

ಹಲಾಲ್ ಎಂದು ಖಾತ್ರಿಯಾದ ಕೂಡಲೇ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಹಲಾಲ್ ಬಿರಿಯಾನಿಯನ್ನು ಅರ್ಧ ತಿಂದು ಎಲುಬಿನ ಜೊತೆ ಬಿಟ್ಟೇಳುವುದು ಹಲಾಲೇ? ಉಣ್ಣಿರಿ, ಕುಡಿಯಿರಿ, ಮಿತಿ ಮೀರಬೇಡಿರೆಂಬ ಆದೇಶ ಸೂರಃ ಅಲ್ ಅಅ್‌ರಾಫ್‌ನಲ್ಲಿದೆ. ಇಬ್ಬರ ಊಟ ಮೂವರಿಗೆ, ಮೂವರ ಊಟ ನಾಲ್ವರಿಗೆ ಸಾಕಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅನ್ನದ ಯಾವ ಅಂಶದಲ್ಲಿ ಬರ್ಕತ್ ಇದೆಯೆಂದು ತಿಳಿಯದು, ಆದ್ದರಿಂದ ತಟ್ಟೆಯನ್ನು ಪೂರ್ತಿ ಮಾಡಿರೆಂದೂ ಕಲಿಸಿದ್ದಾರೆ. ನಾಲ್ಕು ಮಂದಿ ಕೂತರೆ ಮೊದಲು ಮೂರು ತಟ್ಟೆ ಹೇಳಿ. ಸಾಲದಿದ್ದರೆ ಮತ್ತೆ ತರಿಸಬಹುದು. ಉಳಿದರೆ ಕಟ್ಟಿಸಿಕೊಳ್ಳಲು ನಾಚಬೇಡಿ. ನಾಚಿಕೆಯಾಗಬೇಕಾದದ್ದು ಚೆಲ್ಲುವುದಕ್ಕೆ.

ರುಚಿ ಹಿಡಿಸದಿದ್ದರೆ? ಪ್ರವಾದಿ(ಸ) ಎಂದೂ ಆಹಾರವನ್ನು ದೂಷಿಸಲಿಲ್ಲ. ಇಷ್ಟವಾದರೆ ಉಂಡರು, ಇಲ್ಲವಾದರೆ ಬಿಟ್ಟರು. ಹಳಸಿದ್ದನ್ನೋ, ಕೇಳದ್ದನ್ನೋ ಕೊಟ್ಟರೆ ಮೆಲ್ಲಗೆ ಹೇಳಿ ಬದಲಿಸಿಕೊಳ್ಳುವುದು ಬೇರೆ. ಇಡೀ ಹೋಟೆಲ್ ತಿರುಗಿ ನೋಡುವಂತೆ ಗದರುವುದು ಬೇರೆ.

ಗದರಿಕೆ ಯಾರ ಮೇಲೆ ಬೀಳುತ್ತದೆ? ಅಡುಗೆ ಮಾಡಿದವನ ಮೇಲಲ್ಲ, ಮಾಲಕನ ಮೇಲೂ ಅಲ್ಲ. ತಟ್ಟೆ ತಂದಿಟ್ಟ ಹುಡುಗನ ಮೇಲೆ. ಮಧ್ಯಾಹ್ನ ಮೂರಾದರೂ ತಾನು ಉಣ್ಣದೆ ನಮಗೆ ಬಡಿಸುವವನು ಆತ. ಸೇವಕನು ಅನ್ನ ಬೇಯಿಸಿ ತಂದರೆ ಅವನನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತಾದರೂ ಕೊಡಿರೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು. ಹಝ್ರತ್ ಅನಸ್(ರ) ಹತ್ತು ವರ್ಷ ಅವರ ಸೇವೆಯಲ್ಲಿದ್ದು, ಒಮ್ಮೆಯೂ ‘ಛೆ’ ಎಂಬ ಮಾತನ್ನು ಅವರ ಬಾಯಿಂದ ಕೇಳಲಿಲ್ಲ. ಹೋಟೆಲಿನಲ್ಲಿ ನಾವು ಕಳೆಯುವುದು ಒಂದು ತಾಸು. ಆ ಒಂದು ತಾಸಿನಲ್ಲಿ ‘ಏಯ್’ ಎಂದು ಕರೆಯದೆ, ‘ಸ್ವಲ್ಪ ನೀರು ಕೊಡ್ತೀರಾ’ ಎಂದು ಕೇಳಿದರೆ ನಮ್ಮ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ.

ಬಿಲ್ಲಿನ ಬಗ್ಗೆಯೂ ತಿಳಿದಿರಬೇಕು. ತೆರಿಗೆ ಬೇರೆ, ಸೇವಾ ಶುಲ್ಕ ಬೇರೆ. ಸೇವಾ ಶುಲ್ಕವನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅದನ್ನು ತೆಗೆಯಲು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಬಡಿಸಿದವನ ಕೈಗೇ ನೇರವಾಗಿ ಕೊಟ್ಟರೆ ಅದು ನ್ಯಾಯದ ಮೇಲೊಂದು ಔದಾರ್ಯ. ಬಿಲ್ಲಿನಲ್ಲಿ ಅವರೇ ಒಂದು ತಟ್ಟೆ ಮರೆತಿದ್ದರೆ ಅದನ್ನು ಹೇಳಿ ಸೇರಿಸುವುದು ಔದಾರ್ಯವಲ್ಲ, ಅದು ಋಣ.

ಎರಡು ಲೆಕ್ಕಗಳು

ಈಗ ಒಂದು ಲೆಕ್ಕ ಹಾಕೋಣ. ಕುಟುಂಬವೊಂದು ಬೆಳಿಗ್ಗೆ ಮರದ ಗೊಂಬೆಯ ಅಂಗಡಿಯಲ್ಲಿ ಕಾಲು ತಾಸು ವಾದಿಸಿ 60 ರೂಪಾಯಿ ಇಳಿಸಿತು ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಎ.ಸಿ. ಹೋಟೆಲಿನಲ್ಲಿ 250 ರೂಪಾಯಿಯ ಒಂದು ತಟ್ಟೆ ಬಿರಿಯಾನಿಯ ಅರ್ಧವನ್ನು ಬಿಟ್ಟೆದ್ದಿತು. ಅಚ್ಚು ಹಾಕಿದ ಬೆಲೆಪಟ್ಟಿಯ ಮುಂದೆ ಅದೇ ನಾಲಿಗೆ ಒಂದು ಮಾತೂ ಆಡಲಿಲ್ಲ. ಕೆಲಸಗಾರನ ಕೈಯಿಂದ ಕಸಿದ 60 ರೂಪಾಯಿ ಎಲ್ಲಿ ಹೋಯಿತು? ಅದರ ಎರಡು ಪಾಲು ಹೋಟೆಲಿನ ಎಂಜಲು ಬಕೆಟ್ಟಿಗೆ ಹೋಯಿತು. ಒಂದೇ ದಿನದಲ್ಲಿ ದುರ್ಬಲನೆದುರು ಜಿಪುಣರಾದೆವು, ಬಲಿಷ್ಠನೆದುರು ದುಂದುಗಾರರಾದೆವು. ಫುರ್ಕಾನ್ ಸೂರಃ ಎಚ್ಚರಿಸಿದ ಎರಡು ತುದಿಗಳನ್ನೂ ಮುಟ್ಟಿದಂತಾಯಿತು.

ಗೊಂಬೆಯವನು ಚೌಕಾಸಿಗೆ ಸಿಗುವುದು ಆತ ನಮ್ಮ ಎದುರಿಗೆ ನಿಂತಿರುವುದರಿಂದ ಮತ್ತು ಆತನಿಗೆ ನಮ್ಮ ಅಗತ್ಯವಿರುವುದರಿಂದ. ದೊಡ್ಡ ಮಳಿಗೆಗೆ ಆ ಅಗತ್ಯವಿಲ್ಲ. ಹಾಗಾದರೆ ನಮ್ಮ ಚೌಕಾಸಿ ಬೆಲೆಯ ನ್ಯಾಯಕ್ಕಾಗಿ ನಡೆಯುತ್ತಿಲ್ಲ, ಎದುರಿನವನ ಬಲ ನೋಡಿ ನಡೆಯುತ್ತಿದೆ. ವ್ಯವಹಾರದ ದೀನ್ ಇರುವುದು ಇದನ್ನು ತಿರುಗಿಸುವುದರಲ್ಲಿ. ಬಲಿಷ್ಠನೆದುರು ಲೆಕ್ಕ ಕೇಳಬೇಕು, ದುರ್ಬಲನೆದುರು ತಕ್ಕಡಿಯನ್ನು ಸ್ವಲ್ಪ ಅವನ ಕಡೆಗೆ ವಾಲಿಸಬೇಕು.

ಹೊರಡುವ ಮುನ್ನ ಮನೆಯವರೆಲ್ಲ ಕೂತು ಮಾತಾಡಬೇಕಾದ ಕೆಲವು ವಿಷಯಗಳಿವೆ. ಖರೀದಿಗೆಷ್ಟು, ಊಟಕ್ಕೆಷ್ಟು ಎಂದು ಮೊದಲೇ ನಿಶ್ಚಯಿಸಿ ಬೇರೆ ಬೇರೆ ಲಕೋಟೆಯಲ್ಲಿಡಿ. ಅದರಲ್ಲಿ ಒಂದು ಸಣ್ಣ ಮೊತ್ತವನ್ನು ಕೆಲಸಗಾರನಿಗೆ, ಬಡಿಸುವವನಿಗೆ, ಹೊರೆ ಹೊತ್ತವನಿಗೆ ಹೆಚ್ಚಿಗೆ ಕೊಡಲೆಂದೇ ಬೇರೆ ತೆಗೆದಿಡಿ. ಯಾರಿಗೆ ಉಡುಗೊರೆ ಬೇಕೆಂದು ಪಟ್ಟಿ ಮಾಡಿ. ಹಾಗೆ ಮಾಡುವಾಗ ಬಡ ನೆಂಟರನ್ನೂ ನೆರೆಮನೆಯವರನ್ನೂ ಮರೆಯಬೇಡಿ. ಅಂಗಡಿಯಲ್ಲಿ ವಸ್ತುವಿನ ಬೆಲೆ ಕೇಳುವ ಮೊದಲು, ಇದು ಯಾವ ಮರ, ಹೇಗೆ ಮಾಡುತ್ತಾರೆ ಎಂದು ಮಕ್ಕಳಿಂದ ಕೇಳಿಸಿ. ಕೆಲಸ ತಿಳಿದ ಮಗುವಿಗೆ ಬೆಲೆಯೂ ತಿಳಿಯುತ್ತದೆ. ರಾತ್ರಿ ಕೋಣೆಗೆ ಮರಳಿದ ಮೇಲೆ, ಇಂದು ನಮ್ಮಿಂದ ಹಣ ಪಡೆದವರಲ್ಲಿ ಯಾರು ಸಂತೋಷದಿಂದ ಪಡೆದರು, ಯಾರು ಮನಸ್ಸಿಲ್ಲದೆ ಪಡೆದರು ಎಂದು ಪರಸ್ಪರ ವಿಚಾರಿಸಿಕೊಳ್ಳಿ.

ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಎರಡೂ ಪ್ರಶ್ನೆಗಳಿಗೆ ಪುನರುತ್ಥಾನದ ದಿನ ಪ್ರತಿಯೊಬ್ಬನೂ ಉತ್ತರಿಸಲಿಕ್ಕಿದೆ. ಪ್ರವಾಸದ ದಿನಗಳ ಲೆಕ್ಕಕ್ಕೆ ಅಲ್ಲಿ ರಜೆಯಿಲ್ಲ. ಕೊಳ್ಳುವಲ್ಲಿ ಮೃದುತ್ವವನ್ನೂ, ಉಣ್ಣುವಲ್ಲಿ ಮಿತಿಯನ್ನೂ, ದುಡಿಯುವ ಕೈಗಳ ಬಗ್ಗೆ ಗೌರವವನ್ನೂ ಅಲ್ಲಾಹನು ನಮಗೂ ನಮ್ಮ ಸಂತತಿಗೂ ಅನುಗ್ರಹಿಸಲಿ. ಆಮೀನ್.